417 ರೂಪಾಯಿಯ ಬೆನ್ನು ಹತ್ತಿದವರಿಗೆ ಸಂಬಳ ಕೊಡುವವರು ಯಾರು?

2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನಕ್ಕೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಬೆಲೆ ಸೂಚ್ಯಂಕ ಏರಿದಂತೆ ವರ್ಷಕ್ಕೊಮ್ಮೆ ತಾನಾಗಿ ಏರುವ ಹಣ ಅದು. ಯಾರೂ ಬೇಡಿ ಪಡೆಯಬೇಕಾದ್ದಲ್ಲ, ಯಾರೂ ದೊಡ್ಡ ಮನಸ್ಸು ಮಾಡಿ ಕೊಡಬೇಕಾದ್ದೂ ಅಲ್ಲ. ಆ ವರ್ಷ ಅದು ಬರಲಿಲ್ಲ. ಲಾಕ್‌ಡೌನ್ ನಷ್ಟವನ್ನು ಮುಂದಿಟ್ಟು ಉದ್ಯಮ ವಿನಾಯಿತಿ ಕೇಳಿತು, ರಾಜ್ಯ ಸರ್ಕಾರ ಪಾವತಿಯನ್ನು ಮುಂದೂಡಿತು. ವಿಷಯ ಹೈಕೋರ್ಟಿಗೆ ಹೋಯಿತು. ಬಾಕಿ ಸಮೇತ ಕೊಡಬೇಕೆಂದು ನ್ಯಾಯಾಲಯ ಅದೇ ಸೆಪ್ಟೆಂಬರ್‌ನಲ್ಲಿ ಹೇಳಿತು. ವರ್ಷ ಕಳೆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸಲು ಮುಂದಾದದ್ದು 2022ರ ಆರಂಭದಲ್ಲಿ.

ಹತ್ತು ಸಾವಿರದ ಆಸುಪಾಸಿನ ಸಂಬಳದಲ್ಲಿ ಮನೆ ನಡೆಸುವ ಹೆಣ್ಣುಮಗಳಿಗೆ 417 ರೂಪಾಯಿ ಎಂದರೆ ಆಗಿನ ದರದಲ್ಲಿ ಅರ್ಧ ಗ್ಯಾಸ್ ಸಿಲಿಂಡರಿಗಿಂತ ಹೆಚ್ಚು. ಈ ಉದ್ಯಮದಲ್ಲಿ ರಾಜ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ, ಅವರಲ್ಲಿ ಬಹುಪಾಲು ಹೆಂಗಸರು. ಗುಣಿಸಿ ನೋಡಿ: ತಿಂಗಳಿಗೆ 16 ಕೋಟಿ 68 ಲಕ್ಷ, ವರ್ಷಕ್ಕೆ 200 ಕೋಟಿ ರೂಪಾಯಿ. ಅಷ್ಟು ಹಣ ಬಡವರ ಮನೆಗೆ ತಲುಪಬೇಕಾದ ದಾರಿಯಲ್ಲೇ ನಿಂತುಬಿಟ್ಟಿತ್ತು.

ಅದನ್ನು ಬಿಡಿಸಿ ತಂದವರು ಯಾರು? ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯಂಥ ಕಡೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಮಾತನಾಡಿಸುವ ಸಂಘದ ಕಾರ್ಯಕರ್ತೆಯರು. ಪೇ ಸ್ಲಿಪ್‌ಗಳ ಫೋಟೊ ತರಿಸಿಕೊಂಡು ಯಾವ ಕಾರ್ಖಾನೆ ಎಷ್ಟು ಉಳಿಸಿಕೊಂಡಿದೆ ಎಂದು ಲೆಕ್ಕ ಹಾಕಿದವರು. ಕೋರ್ಟಿನಲ್ಲಿ ನಿಂತ ವಕೀಲರು. ಆ ಬಟ್ಟೆಯನ್ನು ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ತಂದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ. ಇದು ಅಮೆರಿಕದ ವಿಶ್ವವಿದ್ಯಾಲಯಗಳು ವಂತಿಗೆ ಕೊಡುವ, ವಾಷಿಂಗ್ಟನ್‌ನಲ್ಲಿರುವ ಸಂಸ್ಥೆ. ಇಷ್ಟೂ ಕೆಲಸಕ್ಕೆ ಖರ್ಚಿದೆ. ಬಾಡಿಗೆ, ಬಸ್ ಚಾರ್ಜು, ವಕಾಲತ್ತಿನ ಫೀಸು, ಎಲ್ಲಕ್ಕಿಂತ ಹೆಚ್ಚಾಗಿ ಬೇರೆ ಕೆಲಸ ಬಿಟ್ಟು ಇದನ್ನೇ ಹಿಡಿದವರ ಸಂಬಳ. ಒಂದು ಅಂದಾಜಿಗೆ ಹತ್ತು ಪೂರ್ಣಾವಧಿ ಕಾರ್ಯಕರ್ತೆಯರ ಒಂದು ಸಂಘವನ್ನು ಊಹಿಸಿಕೊಳ್ಳೋಣ. ತಿಂಗಳಿಗೆ ತಲಾ 25 ಸಾವಿರ ಸಂಬಳ, ಮೇಲಿನ ಖರ್ಚೆಲ್ಲ ಸೇರಿ ವರ್ಷಕ್ಕೆ 50 ಲಕ್ಷವಾದೀತು. ಅಂಥ ನಾಲ್ಕು ಸಂಘಗಳಿಗೆ 2 ಕೋಟಿ. ಪಕ್ಕದಲ್ಲಿ 200 ಕೋಟಿ ಬರೆದು ನೋಡಿದರೆ, ದಾನದ ದುಡ್ಡು ಎಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ತಿಳಿಯುತ್ತದೆ.

ಆದರೂ ನಮ್ಮ ದೇಶದ ದಾನದ ಹಣ ಆ ಕಡೆ ಹರಿಯುವುದು ತೀರಾ ಕಡಿಮೆ. ಶಾಲೆಗೆ ಬೆಂಚು, ಕಣ್ಣಿನ ತಪಾಸಣಾ ಶಿಬಿರ, ಕೆರೆಯ ಹೂಳು, ಹೊಲಿಗೆ ತರಬೇತಿ, ಇವಕ್ಕೆ ಕೊಡುವವರು ಸಿಗುತ್ತಾರೆ. ಇವೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲಿಗೆ ಕಲಿತ ಹುಡುಗಿ ಕಾರ್ಖಾನೆಗೆ ಸೇರಿ, ಓವರ್‌ಟೈಮ್ ದುಡ್ಡು ಬಂದಿಲ್ಲ ಎಂದು ಕೇಳುವ ದಿನ ಅವಳ ಪಕ್ಕದಲ್ಲಿ ನಿಲ್ಲುವ ಸಂಘಕ್ಕೆ ಕೊಡುವವರು ಸಿಗುವುದಿಲ್ಲ. ನಮ್ಮ ಸಂವಿಧಾನದ ಪ್ರಸ್ತಾವನೆ ನ್ಯಾಯ ಎಂದಾಗ ಸಾಮಾಜಿಕ, ಆರ್ಥಿಕ, ರಾಜಕೀಯ ಮೂರನ್ನೂ ಒಟ್ಟಿಗೇ ಹೇಳಿದೆ. ನಮ್ಮ ದಾನಿಗಳು ನಡುವಿನದ್ದನ್ನು ದಾಟಿಕೊಂಡು ಹೋಗುತ್ತಿದ್ದಾರೆ. ಇದು ಹೇಗೆ ಆಗುತ್ತಿದೆ ಎಂದು ನೋಡಲು ಎರಡು ಕಾನೂನುಗಳನ್ನು ಬಿಡಿಸಿ ಓದಬೇಕು.

ಮೊದಲನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯದ್ದು, ಅಂದರೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಈಚಿನ ವರ್ಷಗಳಲ್ಲಿ ದೇಶದಲ್ಲಿ ಹೀಗೆ ಖರ್ಚಾಗುತ್ತಿರುವುದು ವರ್ಷಕ್ಕೆ ಸುಮಾರು 30 ಸಾವಿರ ಕೋಟಿ. ಯಾವುದಕ್ಕೆ ಖರ್ಚು ಮಾಡಬಹುದೆಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ: ಹಸಿವು, ಆರೋಗ್ಯ, ಶಿಕ್ಷಣ, ಪರಿಸರ, ಪಾರಂಪರಿಕ ಕಟ್ಟಡ, ಮಾಜಿ ಸೈನಿಕರು, ಕ್ರೀಡೆ, ಗ್ರಾಮಾಭಿವೃದ್ಧಿ, ಕೊಳೆಗೇರಿ ಅಭಿವೃದ್ಧಿ. ಕಾರ್ಮಿಕರ ಹಕ್ಕು ಎಂಬ ಮಾತು ಅಲ್ಲಿ ಕಾಣುವುದಿಲ್ಲ.

ಆದರೆ ಆ ಪಟ್ಟಿಯ ಮೂರನೇ ಬಾಬನ್ನು ನಿಧಾನವಾಗಿ ಓದಬೇಕು. ಹೆಣ್ಣುಮಕ್ಕಳ ಸಬಲೀಕರಣ, ಹಾಸ್ಟೆಲು, ವೃದ್ಧಾಶ್ರಮಗಳ ಸಾಲು ಮುಗಿದ ಮೇಲೆ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದವರು ಎದುರಿಸುವ ಅಸಮಾನತೆಯನ್ನು ಕಡಿಮೆ ಮಾಡುವ ಕ್ರಮಗಳು ಎಂಬ ಒಂದು ತುಣುಕು ಇದೆ. ಮನೆಗೆಲಸದವರಿಗೆ ಕನಿಷ್ಠ ವೇತನದ ಮಾಹಿತಿ ಕೊಡುವ ಕೇಂದ್ರ, ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಡುವ ಕೆಲಸ, ಜೀತದಿಂದ ಬಿಡುಗಡೆಯಾದವರಿಗೆ ಕಾನೂನು ನೆರವು, ಎಲ್ಲವೂ ಆ ತುಣುಕಿನೊಳಗೆ ಕೂರುತ್ತವೆ. ಕಾನೂನೇ ಬಿಟ್ಟಿರುವ ಈ ಬಾಗಿಲನ್ನು ತಟ್ಟುವ ಕಂಪನಿಗಳು ವಿರಳ.

ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಕಂಪನಿ ತನ್ನ ಗೇಟಿನ ಮುಂದೆ ಧರಣಿ ಕೂರಬಹುದಾದ ಸಂಘಕ್ಕೆ ತಾನೇ ಹಣ ಕೊಡುವುದಿಲ್ಲ. ತನ್ನ ಗೇಟು ಬಿಡಿ, ತನ್ನ ಸರಕು ಕೊಳ್ಳುವವರ, ತನಗೆ ಸಾಲ ಕೊಡುವವರ ಗೇಟಿನ ಮುಂದೆ ಕೂರುವವರಿಗೂ ಕೊಡುವುದಿಲ್ಲ. ಇದಕ್ಕೆ ಯಾರ ಮೇಲೂ ಸಿಟ್ಟಾಗಿ ಪ್ರಯೋಜನವಿಲ್ಲ. ಕಂಪನಿಯ ಹಣದ ಮಿತಿ ಅದು. ಇನ್ನೊಂದು ತೊಡಕು ನಿಯಮದಲ್ಲೇ ಇದೆ. 2021ರಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಬೇಕು. ಅದಕ್ಕೆ ಟ್ರಸ್ಟು, ಸೊಸೈಟಿ ಅಥವಾ ಲಾಭರಹಿತ ಕಂಪನಿಯಾಗಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ಮಾನ್ಯತೆ ಇರಬೇಕು, ಅಂಥದೇ ಕೆಲಸ ಮಾಡಿದ ಮೂರು ವರ್ಷದ ಅನುಭವ ಇರಬೇಕು. ಟ್ರೇಡ್ ಯೂನಿಯನ್ ಆಗಿ ನೋಂದಣಿಯಾದ ಸಂಘಕ್ಕೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಊರಿನ ಕೂಲಿಕಾರರ ಒಕ್ಕೂಟಕ್ಕಂತೂ ಎಷ್ಟೋ ಕಡೆ ನೋಂದಣಿಯೇ ಇರುವುದಿಲ್ಲ.

ಹಾಗಾಗಿ ಅನೇಕ ಕಡೆ ಸಂಘದ ಪಕ್ಕದಲ್ಲೇ ಒಂದು ಟ್ರಸ್ಟ್ ಹುಟ್ಟಿಕೊಳ್ಳುತ್ತದೆ. ಹಣ ಟ್ರಸ್ಟಿಗೆ ಬರುತ್ತದೆ, ತರಬೇತಿ, ಅಧ್ಯಯನ, ಕಾನೂನು ನೆರವಿನ ಕೆಲಸ ಅದರ ಹೆಸರಿನಲ್ಲಿ ನಡೆಯುತ್ತದೆ. ಹೋರಾಟ ಸಂಘದ ಹೆಸರಿನಲ್ಲಿ. ಇದು ಕಾನೂನಿನೊಳಗಿನ ಸರಿಯಾದ ದಾರಿಯೇ. ಆದರೆ ಮೆಲ್ಲಗೆ ಒಂದು ಬದಲಾವಣೆ ಆಗಿಬಿಡುತ್ತದೆ. ಟ್ರಸ್ಟಿನಲ್ಲಿ ಸಂಬಳ, ಲ್ಯಾಪ್‌ಟಾಪು, ಇಂಗ್ಲಿಷ್ ಬಲ್ಲ ಸಿಬ್ಬಂದಿ. ಸಂಘದಲ್ಲಿ ರಸೀದಿ ಪುಸ್ತಕ ಮತ್ತು ಭಾನುವಾರದ ಸಭೆ. ನಾಲ್ಕೈದು ವರ್ಷಕ್ಕೆ ಯಾವುದು ಯಾವುದಕ್ಕೆ ನೆರವಾಗಲು ಹುಟ್ಟಿತೆಂಬುದೇ ಮರೆತುಹೋಗುವ ಅಪಾಯವಿದೆ. ಕಾರ್ಮಿಕರು ಆರಿಸಿದ ಅಧ್ಯಕ್ಷೆ ಮೂಲೆಯಲ್ಲಿ ಕೂತಿರುತ್ತಾಳೆ, ಫಂಡರ್ ಬಂದಾಗ ಪ್ರಾಜೆಕ್ಟ್ ಮ್ಯಾನೇಜರ್ ಮಾತನಾಡುತ್ತಾರೆ.

ಎರಡನೆಯ ಕಾನೂನು ವಿದೇಶಿ ದೇಣಿಗೆಯದ್ದು, ಎಫ್‌ಸಿಆರ್‌ಎ. ಮೊದಲು ಬಂದದ್ದು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ. 2010ರಲ್ಲಿ ಹೊಸ ಕಾಯ್ದೆ. 2011ರ ನಿಯಮಗಳ ಪ್ರಕಾರ ಬಂದ್, ಹರತಾಳ, ರಸ್ತೆ ತಡೆ, ರೈಲು ತಡೆ, ಜೈಲ್ ಭರೋ ಮಾಡುವುದನ್ನು ರೂಢಿ ಮಾಡಿಕೊಂಡ ಸಂಘಟನೆಯನ್ನು ರಾಜಕೀಯ ಸ್ವರೂಪದ್ದೆಂದು ಗುರುತಿಸಿ ವಿದೇಶಿ ಹಣ ನಿಲ್ಲಿಸಬಹುದಿತ್ತು. ಇಂಡಿಯನ್ ಸೋಷಿಯಲ್ ಆ್ಯಕ್ಷನ್ ಫೋರಂ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. 2020ರ ಮಾರ್ಚ್‌ನಲ್ಲಿ ಬಂದ ತೀರ್ಪು ಮಹತ್ವದ್ದು: ಪಕ್ಷ ರಾಜಕಾರಣದ ಉದ್ದೇಶವಿಲ್ಲದೆ ಜನರ ಪ್ರಶ್ನೆಗೆ ದನಿಗೂಡಿಸಿ ಬೀದಿಗಿಳಿದ ಮಾತ್ರಕ್ಕೆ ಸಂಘಟನೆಯೊಂದಕ್ಕೆ ರಾಜಕೀಯದ ಹಣೆಪಟ್ಟಿ ಕಟ್ಟುವಂತಿಲ್ಲ.

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ವಿದೇಶಿ ದೇಣಿಗೆ ಬರುವ ಖಾತೆ ದೆಹಲಿಯ ಒಂದೇ ಎಸ್‌ಬಿಐ ಶಾಖೆಯಲ್ಲಿರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಬಾಡಿಗೆ, ಲೆಕ್ಕಪತ್ರ, ವಕೀಲರ ಶುಲ್ಕ ಎಲ್ಲ ಆ ಇಪ್ಪತ್ತರೊಳಗೆ. ಎಲ್ಲಕ್ಕಿಂತ ಜೋರಾದ ಪೆಟ್ಟು ಇನ್ನೊಂದು: ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆ ಇನ್ನೊಂದಕ್ಕೂ ಅನುಮತಿ ಇದ್ದರೂ. ಇದರ ಅರ್ಥ ಹಳ್ಳಿಯ ಮಟ್ಟದಲ್ಲಿ ಏನು ಎಂದು ಹೇಳಬೇಕು. ದೂರದ ಫೌಂಡೇಶನ್ ಒಂದು ಕೋಟಿಗಿಂತ ಕಡಿಮೆ ಕೊಡಲು ಬಯಸುವುದಿಲ್ಲ. ರಾಯಚೂರಿನ ಕೂಲಿಕಾರರ ಗುಂಪಿಗೆ ಒಂದು ಕೋಟಿ ಬೇಡ, ಮೂರು ಲಕ್ಷ ಸಾಕು. ನಡುವೆ ಬೆಂಗಳೂರಿನದೋ ದೆಹಲಿಯದೋ ಒಂದು ಸಂಸ್ಥೆ ನಿಂತು, ದೊಡ್ಡ ಹಣವನ್ನು ಸಣ್ಣ ಕಂತು ಮಾಡಿ, ಲೆಕ್ಕ ಬರೆಯುವುದನ್ನೂ ಕಲಿಸಿ ಹಂಚುತ್ತಿತ್ತು. ಆ ಕಾಲುವೆ 2020ರಲ್ಲಿ ಕಡಿದುಹೋಯಿತು. ತಿದ್ದುಪಡಿಯನ್ನು ಪ್ರಶ್ನಿಸಿದವರ ವಾದವನ್ನು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಿದೇಶಿ ದೇಣಿಗೆ ಪಡೆಯುವುದು ಯಾರ ನಿರಪೇಕ್ಷ ಹಕ್ಕೂ ಅಲ್ಲ ಎಂದಿತು.

ವಿದೇಶಿ ಹಣದ ಮೇಲೆ ಸರ್ಕಾರ ಕಣ್ಣಿಡಬಾರದು ಎಂದು ನಾನು ವಾದಿಸುವುದಿಲ್ಲ. ಲೆಕ್ಕ ಕೇಳಲಿ, ವರ್ಷ ವರ್ಷ ಕೇಳಲಿ. ಆದರೆ ಸಣ್ಣ ಸಂಘಗಳಿಗೆ ಸಣ್ಣ ಮೊತ್ತ ತಲುಪುತ್ತಿದ್ದ ವ್ಯವಸ್ಥೆಯನ್ನೇ ಕತ್ತರಿಸಿದ್ದರಿಂದ ಹೆಚ್ಚು ನೊಂದವರು ದೊಡ್ಡ ಎನ್‌ಜಿಒಗಳಲ್ಲ. ಅವರಿಗೆ ಚಾರ್ಟರ್ಡ್ ಅಕೌಂಟೆಂಟ್ ಇದ್ದಾರೆ, ದೆಹಲಿಯಲ್ಲಿ ಖಾತೆ ತೆರೆಯಬಲ್ಲ ಶಕ್ತಿ ಇದೆ. ನೊಂದವರು ತಾಲ್ಲೂಕು ಕೇಂದ್ರದ ಒಂದು ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು.

ಇಲ್ಲಿ ಕೆಲವರು ಕೇಳುವ ಪ್ರಶ್ನೆ ಸರಿಯಾದದ್ದೇ. ಹೋರಾಟಕ್ಕೆ ಹೊರಗಿನ ಹಣ ಯಾಕೆ ಬೇಕು? ಕಾಗೋಡು ಸತ್ಯಾಗ್ರಹಕ್ಕೆ ಯಾವ ಫೌಂಡೇಶನ್ ದುಡ್ಡು ಕೊಟ್ಟಿತ್ತು? 1951ರಲ್ಲಿ ಸಾಗರ ಸೀಮೆಯ ಗೇಣಿದಾರರು ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆ ಎತ್ತಿದಾಗ ಮುಂದೆ ನಿಂತವರು ಎಚ್. ಗಣಪತಿಯಪ್ಪ, ಜೊತೆಗೂಡಿದವರು ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯ ಕೊಳಗ ಎಷ್ಟು ದೊಡ್ಡದಿರಬೇಕು ಎಂಬಷ್ಟು ಸಣ್ಣದಾಗಿ ಕಾಣುವ ಮಾತಿನಿಂದ ಹೊರಟದ್ದು ಭೂಮಿ ಯಾರದ್ದು ಎಂಬಲ್ಲಿಗೆ ಬಂತು. ದೇವರಾಜ ಅರಸರ 1974ರ ಭೂಸುಧಾರಣೆಯ ಹಿಂದೆ ಆ ನೆನಪು ಇತ್ತು.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹೊರಗಿನ ಹಣ ಬೇಡವೆಂಬುದನ್ನೇ ತತ್ತ್ವವಾಗಿ ಪಾಲಿಸಿದ ಉದಾಹರಣೆ. 1987ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ದೇವ್‌ಡುಂಗ್ರಿ ಎಂಬ ಹಳ್ಳಿಯ ಸಣ್ಣ ಮನೆಯಲ್ಲಿ ನೆಲೆಸಿದರು. ಸಂಘಟನೆ ಶುರುವಾದದ್ದು 1990ರ ಮೇ ದಿನದಂದು. ವಿದೇಶಿ ಹಣ ಬೇಡ, ಸಂಸ್ಥೆಗಳ ಪ್ರಾಜೆಕ್ಟ್ ಹಣವೂ ಬೇಡ, ವ್ಯಕ್ತಿಗಳು ಕೊಡುವ ದೇಣಿಗೆ ಮಾತ್ರ ಸಾಕು, ಪೂರ್ಣಾವಧಿ ಕಾರ್ಯಕರ್ತರು ಕೂಲಿಯವರ ಕನಿಷ್ಠ ವೇತನದಲ್ಲೇ ಬದುಕಬೇಕು ಎಂಬುದು ಅವರ ಕಟ್ಟುಪಾಡು. ಬರಗಾಲದ ಕಾಮಗಾರಿಯಲ್ಲಿ ಪೂರ್ತಿ ಕೂಲಿ ಯಾಕೆ ಬರಲಿಲ್ಲ ಎಂದು ಕೇಳಲು ಹೋದವರಿಗೆ ಹಾಜರಿ-ಕೂಲಿ ದಾಖಲೆಯಾದ ಮಸ್ಟರ್ ರೋಲ್ ತೋರಿಸಲಿಲ್ಲ. ತೋರಿಸಿ ಎಂಬ ಒತ್ತಾಯ ಹುಟ್ಟಿದ್ದು ಅಲ್ಲಿ. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾದಲ್ಲಿ ಮೊದಲ ಜನಸುನ್ವಾಯಿ (ಸಾರ್ವಜನಿಕ ಅಹವಾಲು ಸಭೆ), 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ. ಹಳ್ಳಿಗಳವರು ಗೋಧಿ ಹೊತ್ತು ತಂದರು, ಪಟ್ಟಣದವರು ತರಕಾರಿ, ಚಿಲ್ಲರೆ ಹಣ ಕೊಟ್ಟರು. ಆ ಹಾದಿ 2005ರ ಮಾಹಿತಿ ಹಕ್ಕು ಕಾಯ್ದೆಗೆ ಮುಟ್ಟಿತು.

ಈ ಕಥೆಯನ್ನು ನಾನು ಪೂರ್ಣ ಗೌರವದಿಂದ ಹೇಳುತ್ತೇನೆ. ಹಣ ಕೊಡುವವನ ಮುಖ ನೋಡಿ ಮಾತನಾಡಬೇಕಾದ ಸ್ಥಿತಿ ಬರಬಾರದು ಎಂಬ ಅವರ ಹಟಕ್ಕೆ ಬೆಲೆಯಿದೆ. ನಮ್ಮ ಶರಣ ಪರಂಪರೆಯಲ್ಲಿ ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ನಿಲುವೂ ಇಂಥದೇ. ಆದರೆ ಎಲ್ಲ ಸಂಘಗಳಿಗೂ ಇದನ್ನೇ ವಿಧಿಸುವುದು ಅನ್ಯಾಯ. ಕನಿಷ್ಠ ವೇತನದಲ್ಲಿ ಬದುಕುತ್ತೇನೆಂದು ಆರಿಸಿಕೊಳ್ಳಲು ಹಿಂದೆ ಓದು, ಕುಟುಂಬದ ಆಸರೆ, ಪರಿಚಯಗಳು ಬೇಕಾಗುತ್ತವೆ. ಹದಿನಾರನೇ ವಯಸ್ಸಿಗೆ ಕೂಲಿಗೆ ಸೇರಿದ, ಎರಡು ಮಕ್ಕಳಿರುವ, ಮೇಸ್ತ್ರಿಯ ಹತ್ತಿರ ಮುಂಗಡ ಪಡೆದಿರುವ ಹೆಣ್ಣುಮಗಳು ಸಂಘದ ಕಾರ್ಯದರ್ಶಿಯಾಗಬೇಕಾದರೆ ಅವಳಿಗೆ ಸಂಬಳ ಬೇಕು. ಇಲ್ಲದಿದ್ದರೆ ಬಡವರ ಸಂಘಗಳ ನಾಯಕತ್ವ ಯಾವಾಗಲೂ ಬಡವರಲ್ಲದವರ ಕೈಯಲ್ಲೇ ಉಳಿಯುತ್ತದೆ.

ಸದಸ್ಯರ ವಂತಿಗೆಯಿಂದಲೇ ನಡೆಸಬಹುದಲ್ಲ ಎಂದರೆ, ಅದೂ ಒಂದು ಮಟ್ಟದವರೆಗೆ ಸರಿ. ತಿಂಗಳಿಗೆ ಹತ್ತು ರೂಪಾಯಿ ಕೊಡುವ 5,000 ಸದಸ್ಯರಿದ್ದರೆ 50 ಸಾವಿರ ಆಗುತ್ತದೆ. ಇಬ್ಬರ ಸಂಬಳಕ್ಕೇ ಮುಗಿಯಿತು, ಒಂದು ಕೋಣೆಯ ಬಾಡಿಗೆಗೂ ಉಳಿಯದು. ಆ ಹತ್ತು ರೂಪಾಯಿಯನ್ನು ಪ್ರತಿ ತಿಂಗಳು ಕೈಯಲ್ಲೇ ವಸೂಲಿ ಮಾಡಬೇಕು. ಸದಸ್ಯೆಯೆಂದು ಸೂಪರ್‌ವೈಸರಿಗೆ ಗೊತ್ತಾದರೆ ಲೈನ್ ಬದಲಾಗುತ್ತದೆ, ಟಾರ್ಗೆಟ್ ಏರುತ್ತದೆ, ಇಲ್ಲವೇ ಗೇಟ್ ಪಾಸೇ ಹೋಗುತ್ತದೆ ಎಂಬ ಹೆದರಿಕೆ. ಮನೆಗೆಲಸದವರದ್ದು ಇನ್ನೂ ಕಷ್ಟ, ಅವರಿಗೆ ಒಂದು ಗೇಟೂ ಇಲ್ಲ. ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಹುಡುಕಿಕೊಂಡು ಹೋಗಬೇಕು.

ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘದ ಇತಿಹಾಸ ಇಲ್ಲಿ ದಾರಿ ತೋರುತ್ತದೆ. 1972ರಲ್ಲಿ ಇಳಾ ಭಟ್ ಸಂಘ ನೋಂದಾಯಿಸಲು ಹೋದಾಗ, ನಿಮ್ಮ ಸದಸ್ಯೆಯರಿಗೆ ಮಾಲೀಕನೇ ಇಲ್ಲವಲ್ಲ, ಇದೆಂಥ ಯೂನಿಯನ್ ಎಂಬ ತಕರಾರು ಬಂತು. ತಲೆಹೊರೆಯವರು, ಚಿಂದಿ ಆಯುವವರು, ತರಕಾರಿ ಮಾರುವವರು ಅವರ ಸದಸ್ಯೆಯರು. 1974ರಲ್ಲಿ 4,000 ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು. ಮುಂದೆ ಸೇವಾ ದೇಶ ವಿದೇಶಗಳ ನೆರವು ಪಡೆಯಿತು, ಪಡೆಯಬಾರದೆಂದು ಅವರು ಹೇಳಲಿಲ್ಲ. ಆದರೆ ಸದಸ್ಯತ್ವದ ಶುಲ್ಕ, ಸದಸ್ಯೆಯರೇ ಆರಿಸುವ ಪ್ರತಿನಿಧಿಗಳು, ಅವರದೇ ಬ್ಯಾಂಕು, ಇವು ಮೊದಲು ನಿಂತಿದ್ದವು. ಹೊರಗಿನ ಹಣ ಆಮೇಲೆ ಬಂತು.

ದುಡ್ಡಿಲ್ಲದೆ ಏನಾಗಬಲ್ಲದು, ದುಡ್ಡು ಎಲ್ಲಿ ಬೇಕು ಎಂಬುದನ್ನು ಬೆಂಗಳೂರೇ ಎರಡು ಸಲ ತೋರಿಸಿದೆ. 2016ರಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಅವರನ್ನು ಯಾವ ನಾಯಕರೂ ಕರೆದಿರಲಿಲ್ಲ, ಯಾವ ಫಂಡರೂ ಬಸ್ ಮಾಡಿಕೊಟ್ಟಿರಲಿಲ್ಲ. ಎರಡನೇ ದಿನ ಸಂಜೆಯೊಳಗೆ ಕೇಂದ್ರ ನಿಯಮವನ್ನು ಹಿಂದಕ್ಕೆ ಪಡೆಯಿತು. ಕೆಲಸ ಬಿಟ್ಟ ಮೇಲೆ ಮಗಳ ಮದುವೆಗೋ ಸಾಲಕ್ಕೋ ಆ ಹಣವನ್ನೇ ನಂಬಿಕೊಂಡ ಜನರ ಸಿಟ್ಟಿಗೆ ಹಣಕಾಸಿನ ನೆರವು ಬೇಕಾಗಲಿಲ್ಲ.

ನಾಲ್ಕು ವರ್ಷದ ಮೇಲೆ 417 ರೂಪಾಯಿ ನಿಂತಾಗ ಹಾಗೆ ರಸ್ತೆಗಿಳಿಯಲು ಆಗಲಿಲ್ಲ. ಸೋಂಕಿನ ಭಯ, ಕೆಲಸ ಹೋಗುವ ಭಯ. ಅದನ್ನು ಆದೇಶ, ಪೇ ಸ್ಲಿಪ್, ಅರ್ಜಿ, ಇ-ಮೇಲ್‌ಗಳ ಮೂಲಕ ಸುಮಾರು ಎರಡು ವರ್ಷ ಹಿಂಬಾಲಿಸಬೇಕಾಯಿತು. ಸಿಟ್ಟು ಎರಡು ದಿನ ಇರುತ್ತದೆ. ಕಡತದ ಬೆನ್ನು ಹತ್ತುವ ಕೆಲಸಕ್ಕೆ ತಿಂಗಳ ಕೊನೆಗೆ ಸಂಬಳ ಬರುವ ಮನುಷ್ಯ ಬೇಕು. ದಾನಿಗಳ ಹಣ ಹೋಗಬೇಕಾದ್ದು ಈ ಜಾಗಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಧರಣಿಯ ಶಾಮಿಯಾನ, ಮುಷ್ಕರದ ದಿನದ ಊಟ, ಇವು ಸದಸ್ಯರ ಹಣದಲ್ಲೇ ಆಗಲಿ. ಮುಷ್ಕರ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರಾದ್ದರಿಂದ ಅದರ ಖರ್ಚೂ ಅವರದಾಗಿದ್ದರೆ ಬೇರೆ ಯಾರೂ ಅಲ್ಲಿ ಕೈಹಾಕುವುದಿಲ್ಲ. ಬಾಡಿಗೆ, ಸಂಬಳ, ವಕೀಲರು, ತರಬೇತಿಯ ಹೊರೆ ಹೊರಗಿನವರು ಹೊತ್ತರೆ ತಪ್ಪಿಲ್ಲ.

ಹಾಗೆ ಹೊರಬೇಕಾದ್ದು ಎಷ್ಟು ಕಾಲ? ಈಗಿನ ರೂಢಿ ಒಂದು ವರ್ಷ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಎಷ್ಟು ಫಲಾನುಭವಿಗಳು, ಎಷ್ಟು ಸಭೆ, ಎಷ್ಟು ಫೋಟೊ ಎಂಬ ತ್ರೈಮಾಸಿಕ ರಿಪೋರ್ಟು. ಬೆಂಗಳೂರಿನ ಗುತ್ತಿಗೆ ಪೌರಕಾರ್ಮಿಕರ ಹೋರಾಟವನ್ನು ಈ ಚೌಕಟ್ಟಿನಲ್ಲಿಟ್ಟು ನೋಡಿ. ಪೌರಕಾರ್ಮಿಕರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟದ್ದು 1970ರ ದಶಕದಲ್ಲಿ. ಅದಾದ ಮೇಲೆ ಗುತ್ತಿಗೆ ಪದ್ಧತಿ ಬಂತು, ನಡುವಿನ ಕಂಟ್ರ್ಯಾಕ್ಟರ್ ಕೈಯಲ್ಲಿ ಸಂಬಳ ಸೋರಿತು. ಕನಿಷ್ಠ ವೇತನಕ್ಕೆ ಹೋರಾಟ, ಪಿಎಫ್, ಇಎಸ್‌ಐಗೆ ಹೋರಾಟ, ನೇರ ಪಾವತಿಗೆ ಹೋರಾಟ. 2022ರ ಜುಲೈ 1ರಿಂದ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಮುಷ್ಕರ. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಮೂರು ವರ್ಷದ ಪ್ರಾಜೆಕ್ಟ್ ಆಗಿದ್ದರೆ ಇದು ಎಷ್ಟು ಸಲ ವಿಫಲ ಎಂದು ದಾಖಲಾಗಿರುತ್ತಿತ್ತೋ! 2019ರ ರಿಪೋರ್ಟಿನಲ್ಲಿ ತೋರಿಸಲು ಏನಿರುತ್ತಿತ್ತು? ಮತ್ತೊಂದು ಮನವಿ ಪತ್ರ, ಮತ್ತೊಂದು ಭರವಸೆ.

ದಾನದ ಲೋಕದಲ್ಲಿ ಇದನ್ನು ಅರ್ಥ ಮಾಡಿಕೊಂಡವರು ಇಲ್ಲವೆಂದಲ್ಲ. ಫೋರ್ಡ್ ಫೌಂಡೇಶನ್ 2016ರಲ್ಲಿ ಶುರು ಮಾಡಿದ ಬಿಲ್ಡ್ ಎಂಬ ಯೋಜನೆಯಲ್ಲಿ ಐದು ವರ್ಷಗಳ, ಸಂಸ್ಥೆಯೇ ತನಗೆ ಬೇಕಾದಂತೆ ಬಳಸಬಹುದಾದ ಅನುದಾನಕ್ಕೆ 100 ಕೋಟಿ ಡಾಲರ್ ಎತ್ತಿಟ್ಟಿತು. ಅಮೆರಿಕದ ಮೆಕೆಂಜಿ ಸ್ಕಾಟ್ 2020ರಿಂದೀಚೆಗೆ ಸಾವಿರಾರು ಸಂಸ್ಥೆಗಳಿಗೆ ಷರತ್ತಿಲ್ಲದೆ ದೊಡ್ಡ ಮೊತ್ತ ಕೊಟ್ಟಿದ್ದಾರೆ. ಇಂಥದ್ದಕ್ಕೇ ಖರ್ಚು ಮಾಡಿ ಎಂಬ ಪಟ್ಟಿ ಇಲ್ಲ. ಆದರೆ ಆ ಹಣ ನಮ್ಮ ತಾಲ್ಲೂಕು ಸಂಘಗಳಿಗೆ ಮುಟ್ಟುವ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಮೇಲೆಯೇ ಹೇಳಿದೆ.

ಉಳಿದವರು ನಮ್ಮವರೇ. ಬೆಂಗಳೂರು ಈ ದೇಶದ ದೊಡ್ಡ ದಾನಿಗಳ ಊರು. ಅಜೀಂ ಪ್ರೇಮ್‌ಜಿ 2019ರ ಮಾರ್ಚ್‌ನಲ್ಲಿ ವಿಪ್ರೋದ ಶೇ 34ರಷ್ಟು ಷೇರಿನ, ಅಂದರೆ ಆಗ 52,750 ಕೋಟಿ ಮೌಲ್ಯದ ಷೇರಿನ ಆದಾಯವನ್ನು ತಮ್ಮ ಫೌಂಡೇಶನ್‌ಗೆ ಬಿಟ್ಟುಕೊಟ್ಟರು. ಅಲ್ಲಿಗೆ ಅವರು ಕೊಟ್ಟದ್ದು ಒಟ್ಟು 1.45 ಲಕ್ಷ ಕೋಟಿಯಾಯಿತು. ಅವರ ಫೌಂಡೇಶನ್ ಶಾಲೆಗಳಾಚೆಗೆ, ಅಂಚಿನಲ್ಲಿರುವವರ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ರೋಹಿಣಿ ನಿಲೇಕಣಿ ಸಮಾಜ, ಸರ್ಕಾರ, ಬಜಾರ್ ಎಂಬ ಮೂರರಲ್ಲಿ ಸಮಾಜವೇ ಮೊದಲು ಎಂದು ವಾದಿಸುತ್ತ ಬಂದಿದ್ದಾರೆ. ಇಂಥವರ ಹಣಕ್ಕೆ ಇರುವ ಒಂದು ಸ್ವಾತಂತ್ರ್ಯವನ್ನು ಗಮನಿಸಬೇಕು. ಅದು ಸಿಎಸ್‌ಆರ್ ಅಲ್ಲ, ಆದ್ದರಿಂದ ಏಳನೇ ಅನುಸೂಚಿಯ ಕಟ್ಟಿಲ್ಲ. ಅದು ವಿದೇಶಿಯದ್ದಲ್ಲ, ಆದ್ದರಿಂದ ಎಫ್‌ಸಿಆರ್‌ಎ ತಡೆ ಇಲ್ಲ. ಒಂದು ಸಂಸ್ಥೆಗೆ ಕೊಟ್ಟು ಅದರಿಂದ ಹತ್ತು ಸಣ್ಣ ಗುಂಪುಗಳಿಗೆ ಹಂಚಿಸಬಹುದು. 2020ರಲ್ಲಿ ಕಡಿದುಹೋದ ಕಾಲುವೆಯನ್ನು ಸ್ವದೇಶಿ ಹಣದಿಂದ ಮತ್ತೆ ತೋಡಬಲ್ಲವರು ಇವರು. ಈ ಸಾಲಿನ ಇನ್ನೂ ಅನೇಕ ಶ್ರೀಮಂತರು ಕೂಲಿ, ಭೂಮಿ, ಜೀತದ ಪ್ರಶ್ನೆಗೆ ಕೈಹಾಕಲು ಹಿಂದೆಗೆಯುವುದು ಕಾನೂನಿನ ತೊಡಕಿನಿಂದ ಅಲ್ಲ. ಸರ್ಕಾರಕ್ಕೆ, ಗೆಳೆಯ ಉದ್ಯಮಿಗಳಿಗೆ ಮುಜುಗರವಾದೀತೆಂಬ ಅಳುಕಿನಿಂದ. ಅದನ್ನು ಅವರು ದಾಟಬೇಕು.

ಮಧ್ಯಮ ವರ್ಗದ ಓದುಗರಿಗೂ ಇಲ್ಲಿ ಪಾಲಿದೆ. ಅನಾಥಾಶ್ರಮಕ್ಕೆ ಕೊಟ್ಟರೆ 80ಜಿ ರಸೀದಿ ಬರುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಅದನ್ನು ತೋರಿಸಿ ತೆರಿಗೆಗೆ ಒಳಪಡುವ ಆದಾಯದಲ್ಲಿ ಒಂದು ಪಾಲು ಕಳೆಯಬಹುದು. ಯೂನಿಯನ್‌ಗೆ ಕೊಟ್ಟರೆ ಆ ಅನುಕೂಲವಿಲ್ಲ. ಅದಿಲ್ಲದೆಯೂ ಕೊಡಬಹುದು. ತಿಂಗಳಿಗೆ 500 ರೂಪಾಯಿ ಕೊಡುವ ನೂರು ಜನ ಸೇರಿದರೆ ಇಬ್ಬರು ಕಾರ್ಯಕರ್ತೆಯರ ಸಂಬಳವಾಗುತ್ತದೆ. ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ: ಪದಾಧಿಕಾರಿಗಳನ್ನು ಆರಿಸುವವರು ಯಾರು, ಸದಸ್ಯರು ವಂತಿಗೆ ಕೊಡುತ್ತಾರೆಯೇ, ಲೆಕ್ಕವನ್ನು ಅವರ ಭಾಷೆಯಲ್ಲಿ ಅವರ ಮುಂದೆ ಓದುತ್ತಾರೆಯೇ.

ಸದ್ಯಕ್ಕೆ ಕರ್ನಾಟಕದಲ್ಲಿ ಇದಕ್ಕೊಂದು ತುರ್ತು ಸಂದರ್ಭವಿದೆ. ಊಟ, ಸಾಮಾನು ತಲುಪಿಸುವವರಿಗೆ, ಆ್ಯಪ್ ಟ್ಯಾಕ್ಸಿ ಓಡಿಸುವವರಿಗೆ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಮಾಡಿತು. ಕಂಪನಿಗಳು ಕಾರ್ಮಿಕರಿಗೆ ಕೊಡುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಅದಕ್ಕೊಂದು ಮಂಡಳಿ. ಯಾರ ಉದಾರತೆಯನ್ನೂ ನೆಚ್ಚದೆ, ದುಡಿಮೆಯ ಲೆಕ್ಕದಿಂದಲೇ ಹುಟ್ಟುವ ನಿಧಿ ಇದು. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಗಳಿಂದ ಬಂದ ಶೇ 1ರ ಸೆಸ್ ಹೀಗೇ ದೊಡ್ಡ ನಿಧಿಯಾಗಿ ಬೆಳೆದಿದೆ, ಆದರೆ ನಿಜವಾದ ಕಾರ್ಮಿಕರಿಗೆ ಕಾರ್ಡು ಸಿಗುವುದು ಇವತ್ತಿಗೂ ಸಂಘಗಳ ಓಡಾಟದಿಂದ. ಗಿಗ್ ಮಂಡಳಿಯಲ್ಲಿ ಕಂಪನಿಗಳ ಪ್ರತಿನಿಧಿಗಳ ಜೊತೆ ಕಾರ್ಮಿಕರ ಪ್ರತಿನಿಧಿಗಳಿಗೂ ಕುರ್ಚಿ ಇದೆ. ಕಂಪನಿಯ ಪ್ರತಿನಿಧಿ ಸಂಬಳದ ಸಮಯದಲ್ಲೇ, ಹಿಂದಿನ ದಿನ ವಕೀಲರು ಸಿದ್ಧಪಡಿಸಿದ ಟಿಪ್ಪಣಿ ಹಿಡಿದು ಬರುತ್ತಾರೆ. ಡೆಲಿವರಿ ಹುಡುಗ ಸಭೆಗೆ ಬರಬೇಕಾದರೆ ಅವತ್ತಿನ ಆರ್ಡರ್‌ಗಳನ್ನೂ ಇನ್ಸೆಂಟಿವನ್ನೂ ಬಿಟ್ಟು ಬರಬೇಕು, ಶುಲ್ಕದ ಲೆಕ್ಕವನ್ನು ಅವನಿಗೆ ಮೊದಲೇ ಯಾರಾದರೂ ಕೂತು ವಿವರಿಸಿರಬೇಕು. ಅವನ ಆ ದಿನದ ದುಡಿಮೆ ಮತ್ತು ಆ ವಿವರಿಸುವವರ ಸಂಬಳ, ದಾನಿಯೊಬ್ಬರು ಈ ವರ್ಷವೇ ಚೆಕ್ ಬರೆಯಬಹುದಾದ ಎರಡು ಬಾಬುಗಳು.